ಗಿರಣಿ ಪೂಜೆಯ ಫೋಟೊದಲ್ಲಿ ನಾನಿರಲಿಲ್ಲ

ಗಿರಣಿ ಬಂದ ಹನ್ನೊಂದನೆಯ ದಿನ ಅದರ ಮೋಟಾರು ಸುಟ್ಟಿತು. ಬೆಳಗಿನ ಒಂಬತ್ತರ ಹೊತ್ತು. ಪಡಸಾಲೆಯಲ್ಲಿ ಆರು ಡಬ್ಬಿ ಸಾಲಾಗಿ ಕೂತಿದ್ದವು, ಐದರಲ್ಲಿ ಜೋಳ, ಒಂದರಲ್ಲಿ ಸಜ್ಜೆ. ಎರಡನೆಯ ಡಬ್ಬಿ ಅರ್ಧ ಬೀಸಿದ್ದೆ. ಇದ್ದಕ್ಕಿದ್ದಂತೆ ಮೋಟಾರಿನ ಸದ್ದು ದಪ್ಪಗಾಯಿತು, ಕಲ್ಲು ತಿರುಗುವುದು ನಿಧಾನವಾಯಿತು, ಹಿಟ್ಟಿನ ಬದಲು ನುಚ್ಚು ಬೀಳತೊಡಗಿತು. ಕೂದಲು ಸುಟ್ಟಂಥ ವಾಸನೆ ಬಂದಾಗ ಓಡಿಹೋಗಿ ಸ್ವಿಚ್ ತೆಗೆದೆ. ಮೋಟಾರಿನ ಮೈ ಮುಟ್ಟಲು ಆಗದಷ್ಟು ಬಿಸಿಯಾಗಿತ್ತು. ಮಧ್ಯಾಹ್ನ ಅದು ತಣ್ಣಗಾದ ಮೇಲೆ ಮತ್ತೆ ಸ್ವಿಚ್ ಹಾಕಿ ನೋಡಿದೆ. ಒಂದು ಸಲ ಗುಂಯ್ ಅಂತು, ಅಷ್ಟೆ. ಆರೂ ಡಬ್ಬಿಗಳನ್ನು ಅವರವರ ಮನೆಗೆ ನಾನೇ ಹೊತ್ತು ಮುಟ್ಟಿಸಿ ಬಂದೆ.

ಕೂಸುಗಳೇ, ರಜೆಗೆಂದು ಕಾರಟಗಿಯಿಂದ ಬಂದಾಗ ನೀವು ಕಾಳು ಸುರಿದು ಆಡುವ ಗಿರಣಿ ಇದೇ. ನಿಮ್ಮ ಅಜ್ಜ ತೀರಿದ ಮೇಲೆ ಎತ್ತುಗಳನ್ನು ಮಾರಿ ಇದನ್ನು ತಂದೆ. ನಮ್ಮೂರಿನಿಂದ ಹಿಟ್ಟು ಬೀಸಿಸಲು ಅಳವಂಡಿಗೆ ಹೋಗಬೇಕಾಗಿತ್ತು. ಮನೆಯ ಕರೆಂಟಿನಲ್ಲೇ ಓಡುವ ಸಣ್ಣ ಗಿರಣಿಯೊಂದಿದ್ದರೆ ನನ್ನ ಹೊಟ್ಟೆ ಹೊರೆಯಬಹುದು ಅನ್ನಿಸಿತ್ತು. ಅದು ನಿಂತಿತು ಅಂದರೆ ನಿಮ್ಮ ಅವ್ವನ ಮನೆಗೆ ಹೋಗಿ ಇರಬೇಕು. ನನಗೆ ಅದು ಬೇಡವಾಗಿತ್ತು. ಆಮೇಲೆ ನಡೆದದ್ದನ್ನು ನಿಮ್ಮ ಅವ್ವನಿಗೂ ಪೂರ್ತಿ ಹೇಳಿಲ್ಲ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಲು ಬಾಯಿ ಬರುವುದಿಲ್ಲ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಿರಣಿ ಬಂದ ದಿನದ ಸಂಗತಿಯೊಂದನ್ನು ಮೊದಲೇ ಹೇಳಿಬಿಡಬೇಕು. ಗಂಗಾವತಿಯ ಅಂಗಡಿಯಿಂದ ಟಂಟಂ ಗಾಡಿಯಲ್ಲಿ ಗಿರಣಿ ಬಂತು. ಜೊತೆಗೆ ಅದನ್ನು ಕೂಡಿಸಿ ಕೊಡುವ ಫಿಟ್ಟರ್ ಬಂದಿದ್ದ, ನಲವತ್ತರ ಆಸುಪಾಸಿನವನು. ಗಿರಣಿಯನ್ನು ತಲಬಾಗಿಲ ಹತ್ತಿರ ಇಳಿಸಿ, "ಅವ್ವಾರ, ಮೊದಲ ಪೂಜಿ ಮಾಡ್ರಿ. ಒಂದು ಫೋಟೊ ಹೊಡಕೊಂತೀನಿ, ನಮ್ಮ ಸಾವಕಾರ್ರು ಗ್ರೂಪಿನ್ಯಾಗ ಹಾಕ್ತಾರ. ಆಮ್ಯಾಲ ಕನೆಕ್ಷನ್ ಕೊಡ್ತೀನಿ," ಅಂದ.

ತಟ್ಟೆ ನಾನೇ ಸಿದ್ಧಮಾಡಿದ್ದೆ. ವಿಭೂತಿ, ಕುಂಕುಮ, ಚೆಂಡು ಹೂವಿನ ಸರ, ಊದುಬತ್ತಿ, ಒಂದು ತೆಂಗಿನಕಾಯಿ. ಎದುರು ಮನೆಯವಳನ್ನು ಕರೆದು ತಟ್ಟೆಯನ್ನು ಅವಳ ಕೈಗೆ ಕೊಟ್ಟು ನಾನು ಅಡುಗೆ ಮನೆಯ ಬಾಗಿಲ ಹಿಂದೆ ಹೋಗಿ ನಿಂತೆ. ಅವಳು ಮುತ್ತೈದೆ, ನನಗಿಂತ ಹತ್ತು ವರ್ಷ ಸಣ್ಣವಳು. ಕಾಯಿ ಒಡೆದ ಸದ್ದು ಕೇಳಿಸಿತು. ಊದುಬತ್ತಿಯ ವಾಸನೆ ಬಂತು. ಕರ್ಪೂರ ಆರಿದ ಮೇಲೆ ಹೊರಗೆ ಬಂದು ಫಿಟ್ಟರನಿಗೆ ಚಹಾ ಕೊಟ್ಟೆ. ಆಮೇಲೆ ಅವನು ವೈರು ಜೋಡಿಸಿದ.

ಮೋಟಾರು ಸುಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಿದ ಮೂರನೆಯ ದಿನಕ್ಕೆ ಅದೇ ಫಿಟ್ಟರ್ ಬಂದ. ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿ, ಬೆರಳು ಹಾಕಿ ಮೂಸಿ ನೋಡಿ, "ವೈಂಡಿಂಗ್ ಹೋಗೈತ್ರಿ. ಕಂಪನಿಗೆ ಕಳಿಸ್ತೀವಿ," ಎಂದು ಮೋಟಾರನ್ನು ಬಿಚ್ಚಿಕೊಂಡು ಹೋದ. ಒಂದು ಹಾಳೆಯ ಮೇಲೆ ನನ್ನ ಸಹಿ ತೆಗೆದುಕೊಂಡ, ನನ್ನ ಕೈಗೆ ಮಾತ್ರ ಏನೂ ಕೊಡಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಹದಿನೈದು ದಿನ ಕಾದೆ. ಫೋನು ಮಾಡಿದರೆ, ಇವತ್ತು ನಾಳೆ ಅನ್ನುತ್ತಿದ್ದರು. ಕೊನೆಗೆ ಗಂಗಾವತಿಗೇ ಹೋದೆ. ಭತ್ತದ ಲಾರಿಗಳ ನಡುವೆ ದಾರಿ ಹುಡುಕಿಕೊಂಡು ಅಂಗಡಿ ಮುಟ್ಟಿದಾಗ ಹನ್ನೆರಡಾಗಿತ್ತು. ಒಳಗೆ ಏಳೆಂಟು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಬಾಗಿಲ ಬದಿಗೆ ನಿಂತೆ. ಅವರು ಹೋದರು, ಬೇರೆಯವರು ಬಂದರು. ಅಂಗಡಿಯ ಮಾಲಕರೇ ಕಡೆಗೆ, "ಏನ್ ಬೇಕಾಗಿತ್ತಮ್ಮಾ?" ಎಂದರು.

ಹೇಳಿದೆ. ಅವರು ಒಂದು ಫೈಲು ತೆಗೆದು ಓದಿದರು.

"ನಿಮ್ಮ ಮೋಟಾರಿನ್ಯಾಗ ನೀರು ಹೋಗ್ಯಾವಮ್ಮಾ. ಫಿಟ್ಟರ್ ರಿಪೋರ್ಟ್ ಬರದಾನ ನೋಡ್ರಿ. ಪೂಜಿ ದಿನ ಕಾಯಿ ಒಡದೀರಿ, ಆ ನೀರು ಒಳಗ ಇಳದಾವ."

"ಎರಡು ವರ್ಷ ಗ್ಯಾರಂಟಿ ಐತಿ ಅಂದಿದ್ರಿ..."

"ಐತಲ್ಲ, ಯಾರು ಇಲ್ಲಂದ್ರು? ಗ್ಯಾರಂಟಿ ಮೋಟಾರಿಗೆ ಐತಿ. ಕಾಯಿ ನೀರಿಗಿಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಒಬ್ಬ, "ಎಳನೀರು ಕುಡದು ಮೋಟಾರ್ ಮಕ್ಕೊಂಡೈತಿ ಬಿಡ್ರಿ," ಅಂದ. ನಾನೂ ನಕ್ಕೆ. ಏನು ಮಾಡಬೇಕೆಂದು ತಿಳಿಯದಾಗ ನನಗೆ ನಗು ಬರುತ್ತದೆ. ಬಸ್‌ಸ್ಟ್ಯಾಂಡಿಗೆ ಬಂದು ಕೂತ ಮೇಲೆ ಕಣ್ಣಲ್ಲಿ ನೀರು ಬಂತು.

ಅಳವಂಡಿಯಲ್ಲಿ ಹೆಣ್ಣುಮಕ್ಕಳಿಗಾಗಿ ಕಾನೂನು ತಿಳಿಸಿ ಹೇಳುವ ಸಭೆಯೊಂದು ನಡೆದಿತ್ತು. ಎಲ್ಲರೂ ಎದ್ದುಹೋದ ಮೇಲೆ, ಅಲ್ಲಿ ಮಾತಾಡಿದ್ದ ಸ್ವಯಂಸೇವಕಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಆಕೆ ನನ್ನನ್ನು ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಬರೆದು ಕೊಟ್ಟಳು. ಮೊದಲು ಅಂಗಡಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸು ಕೊಡಬೇಕು. ಹದಿನೈದು ದಿನ ನೋಡಬೇಕು. ಉತ್ತರ ಬರದಿದ್ದರೆ ಕೊಪ್ಪಳದ ಗ್ರಾಹಕರ ಆಯೋಗಕ್ಕೆ ದೂರು.

"ವಕೀಲರ ಇರಬೇಕು ಅಂತೇನಿಲ್ರಿ. ನಿಮ್ಮ ದೂರು ನೀವ ನಡಸಬಹುದು. ಒಂದು ಮಾತು ಮರೀಬ್ಯಾಡ್ರಿ, ಹೊಟ್ಟಿಪಾಡಿಗೆ ತಗೊಂಡೀನಿ, ನಾನ ನಡಸ್ತೀನಿ ಅಂತ ಬರಸ್ರಿ. ಬರೇ ವ್ಯಾಪಾರಕ್ಕ ಅಂತ ಬರದ್ರ, ನೀವು ಗ್ರಾಹಕರ ಅಲ್ಲ ಅಂತ ತಕರಾರು ತಗೀತಾರ."

ನೋಟಿಸು ಕಳಿಸಿದೆ. ಅದು ಮುಟ್ಟಿದ ಚೀಟಿ ವಾಪಸು ಬಂತು, ಉತ್ತರ ಬರಲಿಲ್ಲ. ಹದಿನೇಳನೆಯ ದಿನ ಕೊಪ್ಪಳಕ್ಕೆ ಹೋಗಿ, ಕಚೇರಿಗಳ ಹತ್ತಿರ ಟೈಪು ಮಾಡುವವನೊಬ್ಬನ ಮುಂದೆ ಕೂತೆ. ಸುತ್ತ ಜನ ತಮ್ಮ ಸರದಿಗಾಗಿ ನಿಂತಿದ್ದರು. ಅವನು ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ಟಕಟಕ ಬಡಿಯುತ್ತಾ ನಡುವೆ ಒಮ್ಮೆ ತಲೆ ಎತ್ತಿದ.

"ಪೂಜಿ ಮಾಡಿ ಚಾಲೂ ಮಾಡಿದ್ರೇನವ್ವಾ?"

"ಹೂಂ."

"ನೀವ ಮಾಡಿದ್ರಿ?"

ಹಿಂದೆ ನಿಂತವರು ಕಿವಿಗೊಟ್ಟಿದ್ದರು. ಕುಂಕುಮವಿಲ್ಲದ ನನ್ನ ಹಣೆ ಅವರಿಗೆ ಕಾಣುತ್ತಿತ್ತೋ ಇಲ್ಲವೋ, ಅವನಿಗಂತೂ ಕಾಣುತ್ತಿತ್ತು. ಅವನು ನೋಡಿರಲಿಲ್ಲ ಅಷ್ಟೆ. ಇಲ್ಲ, ಬೇರೆಯವಳ ಕೈಲಿ ಮಾಡಿಸಿ ನಾನು ಒಳಗಿದ್ದೆ ಎಂದು ಅಷ್ಟು ಜನರ ನಡುವೆ ಹೇಳುವುದು ಆಗಲಿಲ್ಲ.

"ಹೂಂ," ಅಂದೆ.

ಹಾಳೆ ಹೊರಬಂದಾಗ ಓದಿ ನೋಡಿದೆ. ನಾಲ್ಕನೆಯ ಪರಿಚ್ಛೇದದಲ್ಲಿ, "ದೂರುದಾರಳು ಸದರಿ ಗಿರಣಿಗೆ ಸ್ವತಃ ಪೂಜೆ ನೆರವೇರಿಸಿ, ಕಾಯಿ ಒಡೆದು, ಚಾಲನೆ ನೀಡಿರುತ್ತಾಳೆ" ಎಂದಿತ್ತು. ನಿಜ ಹೇಳುತ್ತೇನೆ, ಆ ಸಾಲು ಓದಿ ನನಗೆ ಒಳಗೊಳಗೇ ಹಿಗ್ಗಾಯಿತು. ಮತ್ತೊಮ್ಮೆ ಓದಿದೆ. ಇದೆಲ್ಲ ನಿಜ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕುವಾಗಲೂ ಅದನ್ನು ತೆಗೆಸಲಿಲ್ಲ. ಮೋಟಾರು ಸುಟ್ಟಿದ್ದಕ್ಕೂ ಪೂಜೆ ಯಾರು ಮಾಡಿದರು ಅನ್ನುವುದಕ್ಕೂ ಏನು ಸಂಬಂಧ ಎಂದುಕೊಂಡೆ. ಕಾಯಿ ನೀರಿನ ಮಾತು ಅಂಗಡಿಯವರ ಬಾಯಿಂದ ಬಂದದ್ದು ನನಗೆ ನೆನಪಿರಲಿಲ್ಲವೇ? ಇತ್ತು. ಆದರೂ ತೆಗೆಸಲಿಲ್ಲ.

ಆಯೋಗದ ಕಚೇರಿಯಲ್ಲಿ ನನ್ನ ದೂರನ್ನು ಮೊದಲ ದಿನವೇ ತೆಗೆದುಕೊಳ್ಳಲಿಲ್ಲ. ಪುಟಗಳಿಗೆ ಸಂಖ್ಯೆ ಹಾಕಿಲ್ಲ, ದಾಖಲೆಗಳ ಪಟ್ಟಿ ಇಲ್ಲ, ಪ್ರತಿಗಳು ಸಾಲವು ಎಂದು ಗುಮಾಸ್ತರು ಒಂದೊಂದೇ ತೋರಿಸಿದರು. ಮನೆಗೆ ತಂದು, ಮೂಲೆಯಲ್ಲಿ ಸಂಖ್ಯೆ ಬರೆದು, ಪಟ್ಟಿ ಮಾಡಿ, ಕೌದಿ ಹೊಲಿಯುವ ಸೂಜಿದಾರದಿಂದ ಒಂದೊಂದು ಪ್ರತಿಯನ್ನೂ ಹೊಲಿದೆ. ಎರಡನೆಯ ಸಲ ಗುಮಾಸ್ತರು ಅದನ್ನು ತಿರುಗಿಸಿ ನೋಡಿ, "ಹೊಲಿಗಿ ಭಾಳ ಗಟ್ಟಿ ಐತ್ರಿ ಅಮ್ಮಾ, ಇದು ಕಿತ್ತು ಬರಂಗಿಲ್ಲ," ಎಂದು ನಕ್ಕು ತೆಗೆದುಕೊಂಡರು. ಆ ವರ್ಷ ನನ್ನನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ.

ಆಮೇಲೆ ವಾಯಿದೆಗಳು ಶುರುವಾದವು. ವಾಯಿದೆ ಅಂದರೆ ಬರಬೇಕಾದ ದಿನ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂರುವುದು. ಹೆಸರು ಕೂಗಿದರೆ ಒಳಗೆ ಹೋಗಿ ಕೈ ಮುಗಿಯುವುದು. ಎದುರಿನವರು ಸಮಯ ಕೇಳುವುದು. ಮುಂದಿನ ತಾರೀಖು ಬರೆದುಕೊಂಡು ಹೊರಗೆ ಬರುವುದು. ಒಳಗಿರುವುದು ಎರಡು ನಿಮಿಷ, ಕಾಯುವುದು ನಾಲ್ಕು ತಾಸು.

ಬೆಂಚಿನ ಮೇಲೆ ಕೂತವರೆಲ್ಲರಿಗೂ ಜೊತೆಯವರಿರುತ್ತಿದ್ದರು. ಕುಷ್ಟಗಿ ಕಡೆಯ ಒಬ್ಬ ರೈತ ಬೀಜದ ತಕರಾರಿಗೆ ಬರುತ್ತಿದ್ದ. ಅವನ ಹೆಂಡತಿ ಅವನ ಪಕ್ಕದಲ್ಲೇ ಕೂತು ಶೇಂಗಾ ಸುಲಿದು ಅವನ ಅಂಗೈಗೆ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನ ಪ್ರತಿಸಲ ನನ್ನನ್ನು ಕೇಳುತ್ತಿದ್ದ, "ನಿಮ್ಮ ಕೂಡ ಯಾರು ಬಂದಾರ್ರಿ?" "ಯಾರೂ ಇಲ್ರಿ." ಅವನಿಗೆ ನೆನಪು ಉಳಿಯುತ್ತಿರಲಿಲ್ಲ. ಮೂರು ಸಲ ಕೇಳಿದ ಮೇಲೆ ನಾನು ಅವನ ಕಣ್ಣಿಗೆ ಬೀಳದಂತೆ ಕಂಬದ ಆಚೆ ಕೂರತೊಡಗಿದೆ. ಸಂಜೆ ಊರಿಗೆ ಬಂದು ಬೀಗ ತೆಗೆದರೆ ಏನಾಯಿತು ಎಂದು ಕೇಳುವವರಿಲ್ಲ. ಒಮ್ಮೊಮ್ಮೆ ಒಲೆ ಹಚ್ಚುತ್ತಾ, "ಮುಂದಿನ ತಿಂಗಳಿಗೆ ಹೋತು," ಎಂದು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ.

ನಾಲ್ಕನೆಯ ವಾಯಿದೆಗೆ ಅಂಗಡಿಯವರ ವಕೀಲರು ತಮ್ಮ ಲಿಖಿತ ಹೇಳಿಕೆ ಸಲ್ಲಿಸಿ ನನಗೊಂದು ಪ್ರತಿ ಕೊಟ್ಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಓದಿದೆ. "ದೂರಿನ ನಾಲ್ಕನೆಯ ಪರಿಚ್ಛೇದದಲ್ಲಿ ದೂರುದಾರಳೇ ಒಪ್ಪಿಕೊಂಡಿರುವಂತೆ, ಆಕೆ ಸ್ವತಃ ಪೂಜೆ ಮಾಡಿ ಕಾಯಿ ಒಡೆದಿದ್ದು, ಆ ನೀರು ಮೋಟಾರಿನೊಳಗೆ ಹೋಗಿರುತ್ತದೆ." ಅದರ ಹಿಂದೆ ಫಿಟ್ಟರನ ವರದಿ. ಪೂಜೆಯ ದಿನದ ಕಾಯಿ ನೀರಿನಿಂದ ವೈಂಡಿಂಗ್ ಸುಟ್ಟಿದೆ ಎಂದು ಅದರಲ್ಲಿತ್ತು. ಅದರ ಕೆಳಗೆ ನನ್ನ ಸಹಿ. ಅವತ್ತು ಓದದೆ ಹಾಕಿದ ಸಹಿ. ಕೊನೆಗೆ, ಪೂಜೆ ನಡೆದದ್ದಕ್ಕೆ ಸಾಕ್ಷಿ ಎಂದು ಒಂದು ಬಣ್ಣದ ಫೋಟೊ.

ಆ ಫೋಟೊವನ್ನು ನಾನು ಅದುವರೆಗೆ ನೋಡಿರಲಿಲ್ಲ. ಮನೆಗೆ ಬಂದು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನಡುವೆ ಗಿರಣಿ, ಅದರ ಕೊರಳಿಗೆ ಚೆಂಡು ಹೂವಿನ ಸರ. ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು ನಗುತ್ತಿರುವ ಎದುರು ಮನೆಯವಳು. ಅಲ್ಲಿ ಇಲ್ಲವೆಂದು ಗೊತ್ತಿದ್ದರೂ ಮೊದಲ ಸಲ ನಾನು ಹುಡುಕಿದ್ದು ನನ್ನನ್ನೇ. ಎರಡನೆಯ ಸಲ ನೋಡಿದಾಗ ಕಾಯಿ ಕಂಡಿತು. ಎರಡು ಹೋಳೂ ಹೊಸ್ತಿಲ ಕಲ್ಲಿನ ಮೇಲಿದ್ದವು, ಕಲ್ಲು ಅಷ್ಟಗಲ ಒದ್ದೆಯಾಗಿತ್ತು. ಗಿರಣಿಗೂ ಆ ಕಲ್ಲಿಗೂ ನಡುವೆ ಒಂದು ಮೊಳ ಒಣ ನೆಲವಿತ್ತು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ನೋಡಿದಾಗ ಮೋಟಾರು ಕಂಡಿತು. ಅದರ ಮೇಲೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಚೀಲ ಇನ್ನೂ ಇತ್ತು, ಬಾಯಿಗೆ ಟೇಪು ಅಂಟಿಸಿದ್ದು ಹಾಗೇ ಇತ್ತು. ಫಿಟ್ಟರ್ ಚೀಲ ಹರಿದದ್ದು ವೈರು ಜೋಡಿಸುವಾಗ, ಪೂಜೆ ಮುಗಿದ ಮೇಲೆ.

ಮೋಟಾರಿನೊಳಗೆ ನೀರು ಹೋಗಿಲ್ಲ ಎನ್ನಲು ಅವರೇ ಕೊಟ್ಟ ಫೋಟೊ ಸಾಕಾಗಿತ್ತು. ಆದರೆ ಅದೇ ಫೋಟೊ ನನ್ನ ನಾಲ್ಕನೆಯ ಪರಿಚ್ಛೇದ ಸುಳ್ಳು ಎಂದೂ ಹೇಳುತ್ತಿತ್ತು. ಅದನ್ನು ಎತ್ತಿ ತೋರಿಸಿದರೆ, ಪ್ರಮಾಣ ಮಾಡಿ ಸುಳ್ಳು ಹೇಳಿದವಳಾಗುತ್ತೇನೆ. ತೋರಿಸದಿದ್ದರೆ ಕಾಯಿ ಒಡೆದು ಮೋಟಾರು ಸುಟ್ಟವಳಾಗುತ್ತೇನೆ.

ಮರುದಿನ ಎದುರು ಮನೆಗೆ ಹೋದೆ. ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

"ಒಂದ ಸಲ ಕೊಪ್ಪಳಕ್ಕ ಬರ್ತೀಯೇನವ್ವಾ? ಕಾಯಿ ಎಲ್ಲಿ ಒಡದಿ ಅಂತ ಹೇಳಿದ್ರ ಸಾಕು."

"ಯಕ್ಕಾ, ಕೋರ್ಟು ಕಚೇರಿ ಅಂದ್ರ ನಮ್ಮ ಮನಿಯವರು ಕಾಲು ಮುರೀತಾರ."

"ಕೋರ್ಟಲ್ಲ, ಗ್ರಾಹಕರ..."

"ಏನರ ಇರಲಿ. ನೀ ಕರದಿ, ನಾ ಬಂದೆ, ಪೂಜಿ ಮಾಡಿದೆ. ಈಗ ನನ್ನ ಹೆಸರು ಯಾಕ ಎಳೀತಿ? ಕಾಯಿ ಒಡದದ್ದ ತಪ್ಪಾತೇನು ನಂದು?"

"ತಪ್ಪಲ್ಲವ್ವಾ..."

"ಹಂಗಾರ ನಿನ್ನ ಗಿರಣಿಗೆ ನೀನ ಮಾಡಬೇಕಾಗಿತ್ತು ಪೂಜಿ!"

ಅಂದ ಮೇಲೆ ಅವಳಿಗೇ ಕೆಟ್ಟದೆನಿಸಿತು. ಪಾತ್ರೆ ತಿಕ್ಕುವ ಕೈ ನಿಂತಿತು. ನಾನು ಎದ್ದು ಬಂದೆ. ಅವತ್ತಿನಿಂದ ಅವಳು ತನ್ನ ಬಾಗಿಲು ಮುಂದೆ ಮಾಡಿಕೊಂಡೇ ಒಳಗೆ ಕೆಲಸ ಮಾಡತೊಡಗಿದಳು. ಮೊದಲು ದಿನಕ್ಕೊಮ್ಮೆಯಾದರೂ ನನ್ನ ಜೊತೆ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಮುಂದಿನ ವಾಯಿದೆಯ ದಿನ, ಹೆಸರು ಕೂಗುವ ಮೊದಲು ಅಂಗಡಿಯವರ ವಕೀಲರು ವರಾಂಡದಲ್ಲಿ ನನ್ನ ಪಕ್ಕ ಬಂದು ಕೂತರು. ನಿಮ್ಮ ಅವ್ವನಿಗಿಂತ ಸಣ್ಣವರು. ಮಾತು ಮೆತ್ತಗಿತ್ತು.

"ಅಜ್ಜೀ, ಇನ್ನೆಷ್ಟು ಅಡ್ಡಾಡ್ತೀರಿ? ಅಂಗಡಿಯವರು ಹಳೇ ಮೋಟಾರಿಗೆ ಹೊಸ ವೈಂಡಿಂಗ್ ಮಾಡಿಸಿ ಕೊಡ್ತಾರಂತ. ದೂರು ವಾಪಸ್ ತಗೋರಿ."

"ಅದಕ್ಕ ಗ್ಯಾರಂಟಿ ಇರತೈತೇನ್ರಿ?"

"ರಿಪೇರಿ ಮೋಟಾರಿಗೆ ಎಲ್ಲಿ ಗ್ಯಾರಂಟಿ? ನೋಡ್ರಿ, ನಾಕನೇ ಪ್ಯಾರಾದಾಗ ನಾನ ಪೂಜಿ ಮಾಡೀನಿ ಅಂದೀರಿ, ಫೋಟೊದಾಗ ಬ್ಯಾರೆ ಹೆಣ್ಣಮಗಳು ಅದಾಳ. ನಾ ಇನ್ನೂ ಆ ಮಾತು ಎತ್ತಿಲ್ಲ. ಸುಳ್ಳ ಪ್ರಮಾಣ ಅಂದ್ರ ಸಣ್ಣ ಮಾತಲ್ಲ."

ನೀರು ಕುಡಿದು ಬರುತ್ತೇನೆ ಎಂದು ಎದ್ದು ನಳದ ಹತ್ತಿರ ಹೋದೆ. ಒಪ್ಪಿಬಿಡೋಣ ಅನ್ನಿಸಿತು. ಒಪ್ಪಿದರೆ ಒಳಗೆ ಹೋಗಿ ಯಾರ ಮುಂದೂ ಏನೂ ಹೇಳಬೇಕಾಗಿಲ್ಲ. ಮೋಟಾರು ಹೇಗೋ ಒಂದು ಬರುತ್ತದೆ. ಅದು ಮತ್ತೆ ಸುಟ್ಟರೆ? ಆಗ ಕೇಳುವ ಹಾಗೂ ಇಲ್ಲ. ನಳದ ಕೆಳಗೆ ಬೊಗಸೆ ಹಿಡಿದು ನಿಂತಿದ್ದೆ, ನೀರು ತುಂಬಿ ಚೆಲ್ಲುತ್ತಿತ್ತು. ಆ ಸಾಲು ಸುಳ್ಳು ಎಂದು ವಕೀಲರ ಬಾಯಿಂದ ಬಂದರೆ ನಾನು ಸಿಕ್ಕಿಬಿದ್ದ ಹಾಗೆ. ಅವರಿಗಿಂತ ಮೊದಲು ನಾನೇ ಹೇಳಿದರೆ ತಿದ್ದಿಕೊಂಡ ಹಾಗೆ. ವ್ಯತ್ಯಾಸ ಅಷ್ಟೇ. ಹೇಳಲು ಬಾಯಿ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಉಳಿಯಿತು.

ವಾಪಸು ಬಂದು, "ಇಲ್ರಿ, ಒಳಗ ಹೋಗೂಣ," ಅಂದೆ. ಅವರು ಭುಜ ಹಾರಿಸಿ ಎದ್ದರು.

ಒಳಗೆ ಅಧ್ಯಕ್ಷರೂ ಅವರ ಪಕ್ಕದಲ್ಲಿ ಮಹಿಳಾ ಸದಸ್ಯರೊಬ್ಬರೂ ಇದ್ದರು. ನನ್ನ ಹೆಸರು ಕರೆದಾಗ ಹೋಗಿ ನಿಂತೆ. ವಕೀಲರು ಬಾಯಿ ತೆರೆಯುವ ಮೊದಲು ಹೇಳಬೇಕೆಂದು ಅವಸರ ಮಾಡಿದೆ.

"ನಾಕನೇ ಪ್ಯಾರಾ ತಪ್ಪೈತ್ರಿ."

"ಕೇಳಿಸ್ತಿಲ್ಲ. ಜೋರಾಗಿ ಹೇಳಿ ಅಮ್ಮಾ," ಎಂದರು ಅಧ್ಯಕ್ಷರು.

"ನಾಕನೇ ಪ್ಯಾರಾದಾಗ ಬರಸಿದ್ದು ಖರೆ ಅಲ್ರಿ. ಪೂಜಿ ನಾ ಮಾಡಿಲ್ರಿ. ಎದುರು ಮನಿಯಾಕಿ ಮಾಡ್ಯಾಳ."

ವಕೀಲರು ತಟ್ಟನೆ ಎದ್ದು ಪ್ರಮಾಣಪತ್ರ, ಸುಳ್ಳು ಎಂದೆಲ್ಲ ಶುರುಮಾಡಿದರು. ಅಧ್ಯಕ್ಷರು ಕೈ ಎತ್ತಿ ಅವರನ್ನು ತಡೆದರು. ಮಹಿಳಾ ಸದಸ್ಯರು ಕೇಳಿದರು, "ನೀವು ಮಾಡಿಲ್ಲ ಅಂದಮೇಲೆ ಮಾಡಿದ್ದೀನಿ ಅಂತ ಯಾಕೆ ಬರೆಸಿದ್ರಿ?"

ಹಿಂದಿನ ಬೆಂಚುಗಳಲ್ಲಿ ಹತ್ತಿಪ್ಪತ್ತು ಜನರಿದ್ದರು. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ.

"ನಾ ಗಂಡನ್ನ ಕಳಕೊಂಡಾಕಿರಿ. ಇಂಥಾದ್ದಕ್ಕ ಮುಂದ ನಿಂದರಂಗಿಲ್ಲ. ನನ್ನ ಗಿರಣಿ ಪೂಜಿ ಬ್ಯಾರೆಯವರು ಮಾಡಿದ್ರು ಅಂತ ಹೇಳಾಕ ನಾಚಿಕಿ ಆತ್ರಿ. ಟೈಪ್ ಮಾಡಾಂವ ಕೇಳಿದ, ಹೂಂ ಅಂದೆ."

"ಪೂಜೆ ಮಾಡುವಾಗ ನೀವು ಎಲ್ಲಿದ್ರಿ?"

"ಅಡಗಿ ಮನಿ ಬಾಗಲ ಹಿಂದ ಇದ್ನಿರಿ."

"ಒಳಗೆ ಹೋಗು ಅಂತ ಯಾರು ಹೇಳಿದ್ರು?"

ಇದನ್ನು ಯಾರೂ ನನ್ನನ್ನು ಅದುವರೆಗೆ ಕೇಳಿರಲಿಲ್ಲ. ಉತ್ತರ ಹುಡುಕಿದೆ. ಅತ್ತೆ ತೀರಿ ಎಷ್ಟೋ ವರ್ಷ. ಎದುರು ಮನೆಯವಳು ಹೇಳಿರಲಿಲ್ಲ, ನನ್ನ ಬಾಜೂಕ ನಿಲ್ಲು ಎಂದೇ ಅಂದಿದ್ದಳೇನೋ. ಫಿಟ್ಟರನಿಗೆ ಯಾರು ಮಾಡಿದರೂ ಒಂದೇ, ಅವನಿಗೆ ಫೋಟೊ ಬೇಕಿತ್ತು. ತಟ್ಟೆ ಸಿದ್ಧಮಾಡಿದ್ದು, ಕರೆದದ್ದು, ಕೊಟ್ಟದ್ದು, ಎಲ್ಲ ನಾನೇ.

"ಯಾರೂ ಹೇಳಿಲ್ರಿ. ನಾನ ಹೋದೆ."

ಆ ಸದಸ್ಯರು ನನ್ನ ಮುಖವನ್ನೇ ನೋಡುತ್ತಿದ್ದವರು ಕಾಗದದ ಕಡೆ ತಿರುಗಿದರು. "ಸರಿ. ಮತ್ತೇನಾದರೂ ಹೇಳೋದಿದೆಯಾ?"

ಆಶ್ಚರ್ಯವೆಂದರೆ ಅಲ್ಲಿಂದ ಮುಂದೆ ನನಗೆ ಮಾತು ಬಂತು. ಹೇಳಬಾರದ್ದು ಹೇಳಿಯಾಗಿತ್ತು, ಇನ್ನು ಅಂಜುವುದೇನಿತ್ತು?

"ಅವರ ಕೊಟ್ಟ ಫೋಟೊ ನೋಡ್ರಿ. ಕಾಯಿ ಹೊಸ್ತಲ ಕಲ್ಲಿನ ಮ್ಯಾಲ ಒಡದಾರ. ಗಿರಣಿ ಅಲ್ಲಿಂದ ಒಂದು ಮೊಳ ದೂರ ಐತಿ, ನಡುವ ನೆಲ ಒಣಗೈತಿ. ಮೋಟಾರಿಗೆ ಹಾಕಿದ ಚೀಲ ಬಿಚ್ಚಿಲ್ರಿ, ಟೇಪು ಸೈತ ಹಂಗ ಐತಿ. ನೀರು ಒಳಗ ಹೆಂಗ ಹೋಗ್ತಾವ? ಫಿಟ್ಟರ್ ಹಾಳಿಗೆ ನಾ ಓದಲಾರದ ಸಹಿ ಹಾಕಿದ್ನಿರಿ."

ಅಧ್ಯಕ್ಷರು ಫೋಟೊ ಇರುವ ಪುಟ ತೆಗೆದು ಕನ್ನಡಕ ಮೇಲೇರಿಸಿ ನೋಡಿದರು. ಸದಸ್ಯರಿಗೂ ತೋರಿಸಿದರು. ಆಮೇಲೆ ವಕೀಲರ ಕಡೆ ತಿರುಗಿದರು.

"ಇದು ಪ್ಲಾಸ್ಟಿಕ್ ಚೀಲವೇ ಅಲ್ಲವೇ?"

ವಕೀಲರು ನೋಡಿದರು. "ಇರಬಹುದು ಸ್ವಾಮಿ. ಆದರೆ ಮುಂದಿನ ದಿನಗಳಲ್ಲಿ ಆಕೆ ಮತ್ತೆ ನೀರು..."

"ನಿಮ್ಮ ಫಿಟ್ಟರ್ ವರದಿಯಲ್ಲಿ ಪೂಜೆಯ ದಿನದ ನೀರು ಅಂತಲೇ ಇದೆಯಲ್ಲ. ಮೋಟಾರು ಎಲ್ಲಿದೆ? ತನ್ನಿ, ಪರೀಕ್ಷೆಗೆ ಕಳಿಸೋಣ."

"ಕಂಪನಿಗೆ ಕಳಿಸಲಾಗಿದೆ ಸ್ವಾಮಿ."

"ಕಳಿಸಿದ ರಶೀದಿ?"

ಅದಕ್ಕೆ ಅವರು ಸಮಯ ಕೇಳಿದರು. ನಾಲ್ಕನೆಯ ಪರಿಚ್ಛೇದವನ್ನು ತಿದ್ದಿ ಬೇರೊಂದು ಪ್ರಮಾಣಪತ್ರ ಕೊಡಬೇಕು, ಇನ್ನು ಮುಂದೆ ಓದದೆ ಸಹಿ ಹಾಕಬಾರದು, ಸುಳ್ಳೆಂದು ಗೊತ್ತಿದ್ದೂ ಹಾಕಲೇಬಾರದು ಎಂದು ಅಧ್ಯಕ್ಷರು ನನಗೆ ಗಟ್ಟಿಯಾಗಿಯೇ ಹೇಳಿದರು. ಬೈದರು ಎಂದೇ ಅನ್ನಿ. ಬೈಸಿಕೊಳ್ಳುವಂಥದ್ದೇ ಮಾಡಿದ್ದೆ.

ತಿದ್ದುಪಡಿಯನ್ನು ಟೈಪು ಮಾಡಿಸಲಿಲ್ಲ. ಮನೆಯಲ್ಲಿ ಕೂತು ನನ್ನ ಕೈಯಿಂದಲೇ ಬರೆದೆ. ಮೂರು ಹಾಳೆ ಹಾಳಾದವು. ನಾಲ್ಕನೆಯದರಲ್ಲಿ, "ಪೂಜೆಯನ್ನು ನಾನು ಮಾಡಿರುವುದಿಲ್ಲ. ಆ ಹೊತ್ತಿನಲ್ಲಿ ನಾನು ಒಳಗೆ ಇದ್ದೆ" ಎಂದಷ್ಟೇ ಬರೆದು, ಕೊಪ್ಪಳದಲ್ಲಿ ನೋಟರಿಯ ಮುಂದೆ ಸಹಿ ಹಾಕಿ ಕೊಟ್ಟೆ.

ಅಂಗಡಿಯವರಿಂದ ರಶೀದಿ ಬರಲಿಲ್ಲ. ಇನ್ನೂ ಎರಡು ವಾಯಿದೆ ನೋಡಿ ಆಯೋಗ ವಾದ ಮುಗಿಸಿತು. ಶೇಂಗಾ ಸುಲಿಯುವ ಗಂಡಹೆಂಡತಿಯ ತಕರಾರು ಅಷ್ಟರಲ್ಲಿ ಮುಗಿದಿತ್ತು. ಕೊನೆಯ ಎರಡು ಸಲ ಬೆಂಚಿನ ಮೇಲೆ ಗುರುತಿನವರು ಯಾರೂ ಇರಲಿಲ್ಲ.

ಆದೇಶ ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ಎಂಟು ಪುಟ. ಅಂಗಡಿಯವರು ಹೊಸ ಮೋಟಾರನ್ನು ಗ್ಯಾರಂಟಿ ಸಹಿತ ತಮ್ಮ ಖರ್ಚಿನಲ್ಲೇ ಕೂಡಿಸಿ ಕೊಡಬೇಕು, ನಾನು ಓಡಾಡಿದ್ದರ ಖರ್ಚನ್ನೂ ಕೊಡಬೇಕು ಎಂದಿತ್ತು. ನಾಲ್ಕು ವಾರಕ್ಕೆ ಅದೇ ಫಿಟ್ಟರ್ ಮೋಟಾರು ತಂದ. ನನ್ನ ಮುಖ ನೋಡದೆ ಕೂಡಿಸಿದ. ಪೂಜೆ ಎನ್ನಲಿಲ್ಲ, ಫೋಟೊ ತೆಗೆಯಲಿಲ್ಲ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಆ ರಿಪೋರ್ಟು ಸಾವಕಾರ್ರು ಬರಿ ಅಂದ್ರು, ಬರದ್ನಿರಿ ಅವ್ವಾರ," ಅಂದ. ನಾನು ಚಹಾ ಕೊಟ್ಟೆ. ಕುಡಿದು ಹೋದ. ಈಗ ಗಿರಣಿ ದಿನಕ್ಕೆ ಹತ್ತು ಹನ್ನೆರಡು ಡಬ್ಬಿ ಬೀಸುತ್ತದೆ. ಎದುರು ಮನೆಯವಳ ಡಬ್ಬಿಯೂ ಬರುತ್ತದೆ, ಅವಳ ಗಂಡ ತಂದು ಇಟ್ಟು ಹೋಗುತ್ತಾನೆ. ಅವಳು ಬರುವುದಿಲ್ಲ.

ಆದೇಶದ ಎಂಟೂ ಪುಟಗಳನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದರಲ್ಲಿ ಚೀಲದ ಮಾತಿದೆ, ಒಣ ನೆಲದ ಮಾತಿದೆ, ಬಾರದ ರಶೀದಿಯ ಮಾತಿದೆ. ಐದನೆಯ ಪುಟದಲ್ಲಿ ನನ್ನ ತಿದ್ದುಪಡಿಯ ಬಗ್ಗೆ ಒಂದು ಸಾಲು ಇದೆ: "ಈ ಬಗ್ಗೆ ದೂರುದಾರರು ನೀಡಿರುವ ಕಾರಣವು ನಂಬಲರ್ಹವಾಗಿದೆ." ಆ ಕಾರಣ ಏನು ಎಂಬುದು ಯಾವ ಪುಟದಲ್ಲೂ ಇಲ್ಲ. ಮೋಟಾರಿನ ತಕರಾರಿಗೆ ಅದು ಬೇಕಾಗಿರಲಿಲ್ಲ, ಬಿಟ್ಟದ್ದು ಸರಿಯೇ. ಮುಂದೆ ಒಂದು ದಿನ ನೀವು ಆ ಕಾಗದ ತೆಗೆದು ಓದುವಾಗ, ಅಜ್ಜಿಯನ್ನು ಯಾರೋ ಒಳಗೆ ಕಳಿಸಿರಬೇಕು ಎಂದುಕೊಳ್ಳುತ್ತೀರಿ. ಹಾಗೆ ಅಂದುಕೊಳ್ಳಬೇಡಿ. ಯಾರೂ ಕಳಿಸಿರಲಿಲ್ಲ. ನಾನೇ ಹೋಗಿದ್ದೆ.